ಒಂದು ಲೋಟ ನೀರಿನ ಸಮಜಾಯಿಷಿ

ನನ್ನ ಕೆಲಸ ಏನು ಅಂತ ಸರಿಯಾಗಿ ಗೊತ್ತಿರುವವರು ಶಿಕಾರಿಪುರದಲ್ಲಿ ಇವತ್ತಿಗೂ ಕಡಿಮೆ. ನಮ್ಮ ಅಪ್ಪನಿಗೂ ಬಹಳ ದಿನ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಅಂತ ಒಪ್ಪಿಕೊಳ್ಳುವ ಮನುಷ್ಯ ಅವರಲ್ಲ. ನಮ್ಮದು ಗಾದಿ ಅಂಗಡಿ. ಅಜ್ಜನ ಕಾಲದಲ್ಲಿ ಹಿಂಜುವ ಬಿಲ್ಲು ಹೆಗಲಿಗೆ ಹಾಕಿಕೊಂಡು ಈಸೂರು ಕಡೆಯ ಹಳ್ಳಿಗಳಿಗೆಲ್ಲ ಹೋಗಿ, ಜನರ ಅಂಗಳದಲ್ಲೇ ಕೂತು ಹತ್ತಿ ಹಿಂಜಿ ಕೊಟ್ಟು ಬರುತ್ತಿದ್ದರಂತೆ. ಅಪ್ಪನ ಕಾಲಕ್ಕೆ ಅಂಗಡಿಯಾಯಿತು, ಹಿಂಜುವ ಮಷಿನ್ನು ಬಂತು. ಗಾದಿ ಹೊಲಿಸಲು ಬಂದ ಗಿರಾಕಿಗಳು ಹತ್ತಿಯ ಧೂಳಿಗೆ ಸೆರಗು ಅಡ್ಡ ಹಿಡಿದುಕೊಂಡೇ ಕೇಳುತ್ತಿದ್ದರು, "ಮಗಳು ಏನ್ ಮಾಡ್ತಾಳೆ ಸಾಬ್ರೆ?"

"ಸೊರಬದ ದವಾಖಾನೆಯಾಗೆ ಅದಾಳ್ರೀ."

"ಡಾಕ್ಟ್ರಾ?"

"ಡಾಕ್ಟ್ರಲ್ರೀ. ಡಾಕ್ಟ್ರ ಬಾಜೂ ಕೂರ್ತಾಳೆ."

"ನರ್ಸಾ ಹಂಗಾರೆ?"

"ನರ್ಸೂ ಅಲ್ಲ. ಡಾಕ್ಟ್ರಿಗೆ ತಿಳೀದಿದ್ರೆ ಇವಳನ್ನ ಕೇಳ್ತಾರೆ, ಅಂಥಾ ಕೆಲಸ."

ಒಳಗೆ ಅಮ್ಮನ ಜೊತೆ ಕೂತು ದಿಂಬಿಗೆ ಹತ್ತಿ ತುಂಬುತ್ತಿದ್ದ ನನಗೆ ಇದು ಕೇಳಿಸುತ್ತಿತ್ತು. ಸಿಟ್ಟು ಬರುತ್ತಿತ್ತು, ನಗುವೂ ಬರುತ್ತಿತ್ತು. ನಾನು ಆಗಿನ್ನೂ ತರಬೇತಿಯಲ್ಲಿದ್ದೆ. ನನ್ನನ್ನು ಕೇಳುವ ಡಾಕ್ಟರು ಇರಲಿ, ಆಸ್ಪತ್ರೆಯ ಕಾಂಪೌಂಡರ್ ಕೂಡ ನನ್ನನ್ನು ಏನೂ ಕೇಳುತ್ತಿರಲಿಲ್ಲ.

ನಾನಾಗಿ ಹೇಳಿದರೂ ಜನಕ್ಕೆ ತಿಳಿಯುವುದು ಕಷ್ಟ. "ಸಮಾಜ ಕಾರ್ಯ" ಅಂದ ಕೂಡಲೇ "ಓ, ಸಮಾಜ ಸೇವೆನಾ" ಅಂದುಬಿಡುತ್ತಾರೆ. ನಮ್ಮ ಕಡೆ ಬಸ್‌ಸ್ಟ್ಯಾಂಡಿನ ಫ್ಲೆಕ್ಸುಗಳಲ್ಲಿ ಕೈಮುಗಿದು ನಿಂತವರೆಲ್ಲರ ಫೋಟೋದ ಕೆಳಗೂ "ಸಮಾಜ ಸೇವಕರು" ಅಂತಲೇ ಇರುತ್ತದೆ. ಅದಕ್ಕೆ ಓದು ಬೇಡ, ಪರೀಕ್ಷೆ ಬೇಡ, ಫೋಟೋ ಒಂದು ಚೆನ್ನಾಗಿದ್ದರೆ ಸಾಕು. ನನ್ನ ಕೆಲಸಕ್ಕೆ ಮಾತ್ರ ಡಿಗ್ರಿ ಮುಗಿಸಿ ಸಮಾಜಕಾರ್ಯದಲ್ಲಿ ಎರಡು ವರ್ಷ ಎಂ.ಎಸ್.ಡಬ್ಲ್ಯೂ. ಮಾಡಬೇಕು, ಅದರಲ್ಲೂ ವೈದ್ಯಕೀಯ ಮತ್ತು ಮನೋವೈದ್ಯಕೀಯ ವಿಭಾಗವನ್ನೇ ಆರಿಸಿಕೊಂಡಿರಬೇಕು. ಅಷ್ಟು ಮುಗಿಸಿ ನಾನು ಮೀಸೆ ತಿರುವುವುದೊಂದು ಬಾಕಿ ಅನ್ನುವ ಹಾಗೆ ಆಸ್ಪತ್ರೆಗೆ ಅರ್ಜಿ ಹಾಕಿದೆ. ಅಲ್ಲಿ ಹೇಳಿದರು, "ಇದು ಸಾಲದಮ್ಮ. ಮಾನಸಿಕ ರೋಗಿಗಳ ಜೊತೆ ಕೆಲಸ ಮಾಡಿ ವರದಿಗೆ ಸಹಿ ಹಾಕಬೇಕಾದರೆ ಇದರ ಮೇಲೆ ಮನೋವೈದ್ಯಕೀಯ ಸಮಾಜಕಾರ್ಯದಲ್ಲಿ ಎಂ.ಫಿಲ್. ಆಗಿರಬೇಕು. ಆಮೇಲೆ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು."

ಎಂ.ಫಿಲ್. ಅಂದರೆ ಲೈಬ್ರರಿಯಲ್ಲಿ ಕೂತು ಬರೆಯುವುದು ಅಂದುಕೊಂಡಿದ್ದೆ. ಇದು ಹಾಗಲ್ಲ. ಎರಡು ವರ್ಷ ವಾರ್ಡಿನಲ್ಲಿ ದುಡಿತ. ಪ್ರತಿ ರೋಗಿಯ ಮನೆ, ಮನೆಯವರು, ಜಗಳ, ಜಮೀನು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ ವಿಚಾರಿಸಬೇಕು. ಮಾಡಿದ್ದನ್ನೆಲ್ಲ ಮೇಲ್ವಿಚಾರಕರ ಮುಂದೆ ಇಡಬೇಕು. ಅವರು ತೃಪ್ತಿಕರ ಅಂತ ದೃಢೀಕರಿಸಿದರೆ ಮಾತ್ರ ಕೊನೆಯ ಮೌಖಿಕ ಪರೀಕ್ಷೆ, ಅದು ಮುಗಿದರೆ ನೋಂದಣಿ. ಈ ಮೆಟ್ಟಿಲುಗಳ ಬಗ್ಗೆ ಗೊಣಗುವವರು ಬಹಳ ಜನ. ಈಗ ಹೊಸ ಕಾಯಿದೆ, ಹೊಸ ಮಂಡಳಿ ಬೇರೆ ಬಂದಿದೆ, ಮೆಟ್ಟಿಲುಗಳ ಹೆಸರು ಬದಲಾಗುತ್ತಿದೆ. ನಾನು ಗೊಣಗುವುದಿಲ್ಲ. ಒಬ್ಬರ ಮನೆಯೊಳಗೆ ಹೋಗಿ ಅವರ ಗುಟ್ಟು ಕೇಳುವ ಹಕ್ಕು ಯಾರಿಗಂದರೆ ಅವರಿಗೆ ಸಿಗಬಾರದು. ನನಗೂ ಸುಲಭವಾಗಿ ಸಿಗಲಿಲ್ಲ, ಮತ್ತು ಅದಕ್ಕೇ ನನಗೆ ಅದರ ಬಗ್ಗೆ ಹೆಮ್ಮೆ.

ತರಬೇತಿಯ ಎರಡನೇ ವರ್ಷ ನನ್ನನ್ನು ಸೊರಬದ ಕಡೆಗೆ ಹಾಕಿದರು. ಶಿಕಾರಿಪುರದಿಂದ ಬೆಳಗ್ಗೆ ಬಸ್ಸು ಹಿಡಿದರೆ ಶಿರಾಳಕೊಪ್ಪ ದಾಟಿ ಸೊರಬ. ಹತ್ತಿರದ ಊರೇ, ಆದರೂ ಮಾತಿನ ಧಾಟಿ ಬೇರೆ. ಶಿಕಾರಿಪುರದವರ "ಐತಿ" ಶಿರಾಳಕೊಪ್ಪದಲ್ಲೇ ಇಳಿದುಹೋಗಿ, ಸೊರಬದಲ್ಲಿ "ಎಂತಕ್ಕೆ", "ಮಾರಾಯ್ರೆ" ಬಸ್ಸು ಹತ್ತಿರುತ್ತಿದ್ದವು. ವಾರಕ್ಕೊಮ್ಮೆ ಮನೋವೈದ್ಯರು ಬಂದು ರೋಗಿಗಳನ್ನು ನೋಡುತ್ತಿದ್ದರು. ಉಳಿದ ದಿನಗಳಲ್ಲಿ ಆ ರೋಗಿಗಳ ಮನೆಗೆ ಹೋಗಿ ಬರುವುದು ನನ್ನ ಪಾಲಿನ ಕೆಲಸ. ತರಬೇತಿ ಮುಗಿಯುವ ಹೊತ್ತಿಗೆ ಅಲ್ಲೇ ಒಂದು ಹುದ್ದೆ ಖಾಲಿಯಾಗುವುದಿತ್ತು. ನೋಂದಣಿ ಕೈಯಲ್ಲಿದ್ದರೆ ಅದು ನನಗೆ ಸಿಗಬಹುದು, ಆರು ತಿಂಗಳು ತಡವಾದರೆ ಇನ್ಯಾರಿಗೋ. ಅಷ್ಟು ಸರಳ ಲೆಕ್ಕ.

ನನ್ನ ಮೇಲ್ವಿಚಾರಕಿ ನಗರದವರು. ಮಾತು ಕಡಿಮೆ, ಕಣ್ಣು ಚುರುಕು. ಅವರ ಒಂದು ನಿಯಮ ನಮಗೆಲ್ಲ ಬಾಯಿಪಾಠವಾಗಿತ್ತು. ರೋಗಿಯ ಮನೆಯಲ್ಲಿ ಏನನ್ನೂ ತೆಗೆದುಕೊಳ್ಳಬಾರದು. ಕಾಯಿ ಬೇಡ, ಹೂವು ಬೇಡ, ಕಾಫಿ ಬೇಡ. "ತಗೊಂಡರೆ ನೀನು ನೆಂಟಳಾಗ್ತೀಯ. ನೆಂಟಳ ಹತ್ತಿರ ಜನ ನಿಜ ಹೇಳಲ್ಲ," ಅನ್ನುತ್ತಿದ್ದರು. ಒಳ್ಳೆಯ ನಿಯಮ. ಈಗ ನಾನೂ ನನ್ನ ಕೈಕೆಳಗಿನವರಿಗೆ ಅದನ್ನೇ ಹೇಳುತ್ತೇನೆ, ಸ್ವಲ್ಪ ತಿದ್ದಿ.

ಆ ತಿದ್ದುಪಡಿ ಹುಟ್ಟಿದ್ದು ಗುಡವಿ ಕಡೆಯ ಒಂದು ಮನೆಯಲ್ಲಿ.

ಕುರಿ ಸಾಕಿಕೊಂಡು ಒಂದಿಷ್ಟು ಭತ್ತ ಬೆಳೆಯುವ ಮನೆ ಅದು. ಅತ್ತೆ, ಮಗ, ಸೊಸೆ, ಮದುವೆಯ ವಯಸ್ಸಿಗೆ ಬಂದ ಒಬ್ಬಳು ಮಗಳು. ಸೊಸೆಗೆ ಮದುವೆಯಾದ ಎರಡನೇ ವರ್ಷ ನಿದ್ದೆ ಬಾರದಾಯಿತು. ಯಾರೋ ಕರೆದ ಹಾಗೆ ಕೇಳಿಸುತ್ತದೆ ಅಂತ ಎದ್ದು ಕೆರೆಯ ಕಡೆ ನಡೆದುಬಿಡುತ್ತಿದ್ದಳು. ಎಲ್ಲೆಲ್ಲೋ ತಿರುಗಿಸಿ ಕೊನೆಗೆ ಆಸ್ಪತ್ರೆಗೆ ತಂದರು. ಔಷಧ ಚೆನ್ನಾಗಿ ಹತ್ತಿತು. ನಿದ್ದೆ ಬಂತು, ಕರೆಯುವ ದನಿ ನಿಂತಿತು. ವೈದ್ಯರು, "ಇನ್ನು ಮನೆಯವರದ್ದೇ ಕೆಲಸ, ನೋಡಿಕೊಂಡು ಬಾಮ್ಮ," ಅಂತ ನನ್ನನ್ನು ಕಳಿಸಿದರು. ಮನೆಯಲ್ಲಿ ಅವಳಿಗೆ ಮತ್ತೆ ಕೆಲಸ, ಮಾತು, ಜಾಗ ಸಿಕ್ಕರೆ ರೋಗ ತಿರುಗಿ ಬರುವುದು ಕಡಿಮೆ. ಸಿಗದಿದ್ದರೆ ತವರಿಗೆ ಕಳಿಸಿಬಿಡುವ ಮಾತು ಆಗಲೇ ಶುರುವಾಗಿತ್ತು. ಹೋದರೆ ವಾಪಸ್ಸು ಕರೆಸುವ ಇರಾದೆ ಯಾರಿಗೂ ಇರಲಿಲ್ಲ.

ಮೊದಲ ಸಲ ನಾನು ಒಬ್ಬಳೇ ಹೋದೆ. ಅಂಗಳದಲ್ಲಿ ಕುರಿ ಹಿಕ್ಕೆಯ ವಾಸನೆ, ಮೂಲೆಯಲ್ಲಿ ಕೋಳಿ ಗೂಡು. ಅತ್ತೆ ಗಟ್ಟಿ ಹೆಂಗಸು, ಕೈಯಲ್ಲಿ ಪೊರಕೆ. ನನ್ನ ಹೆಸರು ಕೇಳಿದರು, ಹೇಳಿದೆ. ಒಂದು ಗಳಿಗೆ ನನ್ನ ಮುಖ ನೋಡಿದರು. "ಬನ್ನಿ, ಕೂತ್ಕಳಿ. ಆಸರಿಗೆ ಎಂತ ಕುಡೀತ್ರಿ?" ಅಂದರು.

ಆಸರಿಗೆ ಅಂದರೆ ಬಾಯಾರಿಕೆಗೆ. ಸೊರಬದ ಕಡೆ ಇದು ಬರೀ ಉಪಚಾರದ ಮಾತಲ್ಲ. ದಾರಿಹೋಕನಾದರೂ ಸರಿ, ಮನೆಯೊಳಗೆ ಕಾಲಿಟ್ಟವರಿಗೆ ಬೆಲ್ಲ, ನೀರು ಮುಂದಿಟ್ಟ ಮೇಲೆಯೇ ಉಳಿದ ಮಾತು. ನನಗೆ ಅದು ಗೊತ್ತಿತ್ತು. ಆದರೆ ನಿಯಮ ತಲೆಯಲ್ಲಿತ್ತು. ಅದರ ಜೊತೆಗೆ ಇನ್ನೊಂದೂ ಇತ್ತು. ಸಾಬರ ಹುಡುಗಿಗೆ ಯಾವ ಲೋಟದಲ್ಲಿ ಕೊಡುವುದು, ಆಮೇಲೆ ಆ ಲೋಟವನ್ನು ಏನು ಮಾಡುವುದು ಅಂತ ಅವರಿಗೆ ಯಾಕೆ ಸಂಕಟ ಅಂದುಕೊಂಡೆ. ಇಂಥ ಸಂಕಟವನ್ನು ಚಿಕ್ಕಂದಿನಿಂದ ನೋಡಿ ನೋಡಿ, ಅವರಿಗಿಂತ ಮೊದಲೇ ನಾನು ದಾಟಿಕೊಂಡುಬಿಡುತ್ತಿದ್ದೆ. "ಬೇಡ ಅಮ್ಮ, ಈಗಷ್ಟೇ ಕುಡಿದು ಬಂದೆ," ಅಂದೆ. ಅವರು ಇನ್ನೊಂದು ಸಲ ಕೇಳಿದರು. ನಾನು ಇನ್ನೊಂದು ಸಲ ಬೇಡ ಅಂದೆ. ನಿಯಮವೂ ಉಳಿಯಿತು, ಅವರ ಮಡಿಯೂ ಉಳಿಯಿತು ಅಂತ ನಾನು ಬಸ್ಸಿನಲ್ಲಿ ಸಮಾಧಾನವಾಗಿ ಕೂತೆ.

ಎರಡನೇ ಸಲ ಹೋಗುವಾಗ ಮೇಲ್ವಿಚಾರಕಿ ಆಸ್ಪತ್ರೆಯ ಜೀಪಿನಲ್ಲಿ ಜೊತೆಗೆ ಬಂದರು. ತರಬೇತಿಯಲ್ಲಿರುವವರ ಮನೆಭೇಟಿಯನ್ನು ಕಣ್ಣಾರೆ ನೋಡುವುದು ಅವರ ಕೆಲಸದ ಒಂದು ಭಾಗ. ದಾರಿಯಲ್ಲಿ ಗುಡವಿ ಪಕ್ಷಿಧಾಮದ ಬೋರ್ಡು ನೋಡಿ, "ಹಕ್ಕಿ ಬಂದಿವೆಯಾ?" ಅಂತ ಕೇಳಿದರು. ನನಗೆ ಹಕ್ಕಿಯ ವಿಚಾರ ತಲೆಗೆ ಹೋಗುವ ಸ್ಥಿತಿ ಇರಲಿಲ್ಲ. ಇವತ್ತು ಇವರು ಏನು ಬರೆಯುತ್ತಾರೋ ಅನ್ನುವುದೊಂದೇ ಚಿಂತೆ.

ಅಂಗಳಕ್ಕೆ ಕಾಲಿಟ್ಟಾಗ ಸೊಸೆ ಜಗಲಿಯ ಆ ತುದಿಯಲ್ಲಿ ಒಬ್ಬಳೇ ಕೂತಿದ್ದಳು. ಅವಳ ಪಕ್ಕ, ಕೋಳಿ ಗೂಡಿನ ಮೇಲೆ, ಒಂದು ತಟ್ಟೆ ಮತ್ತು ನೆಗ್ಗಿದ ಒಂದು ಲೋಟ ಬೋರಲು ಹಾಕಿದ್ದವು. ಹಿಂದಿನ ಸಲ ಅವು ಅಲ್ಲಿರಲಿಲ್ಲ.

"ಅದು ಯಾರದ್ದಮ್ಮ?" ಅಂತ ಅತ್ತೆಯನ್ನು ಕೇಳಿದೆ.

"ಇವಳದ್ದೇ."

"ಯಾಕೆ ಹೊರಗೆ?"

ಅತ್ತೆ ನನ್ನನ್ನೇ ಆಶ್ಚರ್ಯದಿಂದ ನೋಡಿದರು. "ಎಂತಕ್ಕೆ ಅಂತ ನೀವು ಕೇಳ್ತೀರಲ್ಲ ಮಾರಾಯ್ರೆ! ಅವತ್ತು ಅಷ್ಟು ಬಿಸಿಲಲ್ಲಿ ಬಂದೋರು, ನಾ ಎರಡೆರಡು ಸಲ ಕೇಳಿದ್ರೂ ನಮ್ಮನೆ ನೀರು ಮುಟ್ಲಿಲ್ಲ. ಆಮೇಲೆ ನಂಗೆ ಹೊಳೀತು. ಆಸ್ಪತ್ರೆಯೋರು, ತಿಳ್ದೋರು. ಬಾಯಿಬಿಟ್ಟು ಹೇಳಿದ್ರೆ ನಮಗೆ ಬೇಜಾರಾಗ್ತದೆ ಅಂತ ಸುಮ್ನಿದ್ರಿ. ಇದು ಎಂಜಲಲ್ಲಿ ಬರೋ ಕಾಯಿಲೆ ಅಂತ ನಾ ಅರ್ಥ ಮಾಡ್ಕಂಡೆ. ಮನೇಲಿ ಮದುವೆಗೆ ಬಂದ ಹುಡುಗಿ ಇದಾಳೆ, ನಾ ನೋಡ್ಕಬೇಕಲ್ಲ. ಅವತ್ತಿಂದ ಇವಳನ್ನ ಒಳಗೆ ಪಾತ್ರೆ ಮುಟ್ಟಕ್ಕೆ ಬಿಟ್ಟಿಲ್ಲ."

ನಾನು ಜಾತಿಯ ಲೆಕ್ಕದಲ್ಲಿದ್ದೆ, ಅವರು ರೋಗದ ಲೆಕ್ಕದಲ್ಲಿದ್ದರು. ನಾನು ಬಾಯಿಬಿಟ್ಟು ಹೇಳಿದ ಒಂದು ಮಾತೂ ಆ ಮನೆಯಲ್ಲಿ ನಿಂತಿರಲಿಲ್ಲ. ಕುಡಿಯದೆ ಬಿಟ್ಟ ನೀರು ನಿಂತುಬಿಟ್ಟಿತ್ತು. ಸೊಸೆ ತಲೆ ತಗ್ಗಿಸಿ ಸೀರೆಯ ಅಂಚನ್ನು ಮಡಚುತ್ತಾ ಬಿಚ್ಚುತ್ತಾ ಕೂತಿದ್ದಳು. ಅವಳಿಗೆ ಎಲ್ಲವೂ ಕೇಳಿಸುತ್ತಿತ್ತು.

"ಇದು ಎಂಜಲಲ್ಲಿ ಬರುವ ಕಾಯಿಲೆ ಅಲ್ಲ ಅಮ್ಮ" ಅಂತ ವಿವರಿಸಬಹುದಿತ್ತು. ವಿವರಿಸಿದೆ ಕೂಡ. ಅವರು ತಲೆಯಾಡಿಸಿದರು. ಆ ತಲೆಯಾಡಿಸುವಿಕೆ ನಮ್ಮ ಕಡೆಯವರಿಗೆ ಗೊತ್ತು. ನೀವು ಹೇಳುವುದು ನಿಮ್ಮ ಧರ್ಮ, ನಾವು ಮಾಡುವುದು ನಮ್ಮ ಧರ್ಮ ಅನ್ನುವಂಥದ್ದು. ನನ್ನ ಮಾತು ಅಲ್ಲಿ ನಡೆಯುವುದಿಲ್ಲ ಅಂತ ಖಾತ್ರಿಯಾಯಿತು. ಮೇಲ್ವಿಚಾರಕಿ ಹಿಂದೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ನೋಡಲಿ ಅಂದುಕೊಂಡೆ.

"ಅಮ್ಮ, ನನಗೆ ಬಾಯಾರಿದೆ. ಆಸರಿಗೆ ಕೊಡಿ," ಅಂದೆ.

ಅತ್ತೆಯ ಮುಖ ಅರಳಿತು. ತಿರುಗಿ ಒಳಗೆ ಹೊರಟರು.

"ನೀವಲ್ಲ. ಅವರು ತರಲಿ."

ಅತ್ತೆ ಹೊಸ್ತಿಲಲ್ಲೇ ನಿಂತರು. ಸೊಸೆ ತಲೆಯೆತ್ತಿ ಮೊದಲು ನನ್ನನ್ನು, ಆಮೇಲೆ ಅತ್ತೆಯನ್ನು ನೋಡಿದಳು. ಕೊನೆಗೆ ಅವಳೇ ಎದ್ದಳು. ಕೋಳಿ ಗೂಡಿನ ಮೇಲಿನ ನೆಗ್ಗಿದ ಲೋಟ ತೆಗೆದುಕೊಂಡಳು. ಬೇರೆ ಯಾವುದನ್ನೂ ಮುಟ್ಟುವ ಹಕ್ಕು ಅವಳಿಗೆ ಇರಲಿಲ್ಲವಲ್ಲ. ಅಂಗಳದ ಕೊಡದಿಂದ ಅದನ್ನು ತೊಳೆದು, ನೀರು ತುಂಬಿ ತಂದಳು. ಮಾತ್ರೆಯಿಂದಾಗಿ ಅವಳ ಕೈ ನಡುಗುತ್ತಿತ್ತು, ಅರ್ಧ ನೀರು ಜಗಲಿಯ ಮೇಲೆಯೇ ಚೆಲ್ಲಿತು.

ನಮ್ಮಲ್ಲಿ ಬೇರೆಯವರ ಮನೆಯಲ್ಲಿ ನೀರು ಕುಡಿಯುವಾಗ ಲೋಟ ಎತ್ತಿ ಕುಡಿಯುತ್ತೇವೆ. ಬಾಯಿಗೆ ತಾಗಿಸುವುದಿಲ್ಲ. ಕಚ್ಚಿ ಕುಡಿಯುವುದು ಮನೆಯವರ ನಡುವೆ, ಒಂದೇ ಲೋಟ ಹಂಚಿಕೊಳ್ಳುವವರ ನಡುವೆ. ಮಕ್ಕಳು ಮರೆತು ಕಚ್ಚಿ ಕುಡಿದರೆ ಅಮ್ಮಂದಿರು ಗದರುತ್ತಾರೆ. ನಾನು ಆ ನೆಗ್ಗಿದ ಲೋಟವನ್ನು ತುಟಿಗೆ ಇಟ್ಟುಕೊಂಡು, ಕಚ್ಚಿ, ಕೊನೆಯ ಹನಿಯವರೆಗೂ ಕುಡಿದೆ. ಅತ್ತೆ ಬಾಯಿ ತೆರೆದು ನೋಡುತ್ತಿದ್ದರು. "ಇನ್ನೂ ಸ್ವಲ್ಪ ಕೊಡಿ," ಅಂದೆ. ಸೊಸೆ ಮತ್ತೆ ತುಂಬಿ ತಂದಳು. ಈ ಸಲ ಕಡಿಮೆ ಚೆಲ್ಲಿತು.

ಖಾಲಿ ಲೋಟವನ್ನು ನಾನು ಅತ್ತೆಯ ಕೈಗೇ ಕೊಟ್ಟೆ. ಗೂಡಿನ ಮೇಲೆ ಇಡಲಿಲ್ಲ. ಅವರು ಅದನ್ನು ಹಿಡಿದುಕೊಂಡು ಒಳಗೆ ಹೋದರು. ಹೊರಗೆ ಬಂದಾಗ ಕೈ ಖಾಲಿಯಿತ್ತು.

ನನಗೆ ಅಷ್ಟೇ ಸಾಕಾಗಿತ್ತು. ಮೇಲ್ವಿಚಾರಕಿಗೆ ಸಾಕಾಗಿರಲಿಲ್ಲ.

ಜೀಪು ಸೊರಬ ಮುಟ್ಟಿತು. ಬಸ್‌ಸ್ಟ್ಯಾಂಡಿನ ಹತ್ತಿರ ಇಳಿಯುವಾಗ ಹೇಳಿದರು, "ನೀನು ಕೇಳಿ ತರಿಸಿ ಕುಡಿದೆ. ಅವರು ಕೊಟ್ಟಿದ್ದನ್ನು ತಗೊಳ್ಳುವುದೇ ತಪ್ಪು, ನೀನು ಕೇಳಿದೆ. ಅದೂ ರೋಗಿಯ ಕೈಯಲ್ಲಿ ಕೆಲಸ ಮಾಡಿಸಿದೆ. ಇದನ್ನು ನಾನು ಬರೆಯಲೇಬೇಕು."

"ಬರೀರಿ ಮೇಡಂ," ಅಂದೆ. ಗಟ್ಟಿಯಾಗಿಯೇ ಅಂದೆ.

ಅವರು ಬರೆದರು. ವಿಭಾಗದಿಂದ ನನಗೆ ಸಮಜಾಯಿಷಿ ಕೇಳಿದರು. ತೃಪ್ತಿಕರ ಅನ್ನುವ ದೃಢೀಕರಣವನ್ನು ಸದ್ಯಕ್ಕೆ ತಡೆಹಿಡಿಯುವುದು, ಮೌಖಿಕ ಪರೀಕ್ಷೆಯಲ್ಲಿ ಇದೇ ಪ್ರಕರಣವನ್ನು ಮಂಡಿಸಬೇಕು, ಪರೀಕ್ಷಕರಿಗೆ ಒಪ್ಪಿಗೆಯಾಗದಿದ್ದರೆ ಕ್ಷೇತ್ರಕಾರ್ಯವನ್ನು ಇನ್ನೊಂದು ಅವಧಿ ಮಾಡಬೇಕು ಅಂತ ತೀರ್ಮಾನವಾಯಿತು. ಇನ್ನೊಂದು ಅವಧಿ ಅಂದರೆ ಸೊರಬದ ಹುದ್ದೆ ಕೈತಪ್ಪಿದ ಹಾಗೆ. ಮನೆಯಲ್ಲಿ ಹೇಳಿದೆ. ಅಮ್ಮ ಕಣ್ಣೀರು ಹಾಕಿದರು. ಅಪ್ಪ ಮಷಿನ್ನು ನಿಲ್ಲಿಸಿ ಕೇಳಿದರು, "ಏನು ತಪ್ಪು ಮಾಡಿದಿ?"

"ನೀರು ಕುಡಿದೆ ಅಪ್ಪ."

"ಯಾರದ್ದಾರ ನೀರು ಕದ್ದು ಕುಡಿದಿಯೇನು?"

"ಇಲ್ಲ. ಕೇಳಿ ಇಸ್ಕೊಂಡು ಕುಡಿದೆ."

"ಅದಕ್ಕೆ ಪರೀಕ್ಷೆ?" ಅವರು ನನ್ನ ಮುಖ ನೋಡಿ, ಇದು ನಿಜ ಅಂತ ಖಾತ್ರಿಯಾದ ಮೇಲೆ ಮಷಿನ್ನಿನ ಗುಂಡಿ ಒತ್ತಿದರು. "ನಿಮ್ಮಜ್ಜ ಊರೂರು ತಿರುಗಿ ಎಷ್ಟು ಮನೆ ನೀರು ಕುಡಿದ್ರೋ ಏನೋ. ಅವರಿಗೆ ಡಾಕ್ಟರ್ ಪದವಿನೇ ಕೊಡಬೇಕಿತ್ತು," ಅಂತ ಮಷಿನ್ನಿನ ಸದ್ದಿನಲ್ಲೇ ಗೊಣಗಿದರು. ನನಗೆ ಎಷ್ಟೋ ದಿನಗಳ ಮೇಲೆ ನಗು ಬಂತು.

ಸಮಜಾಯಿಷಿಯನ್ನು ಮೊದಲು ಇಂಗ್ಲಿಷಿನಲ್ಲಿ ಬರೆದೆ. ದೊಡ್ಡ ದೊಡ್ಡ ಪದಗಳು, ಒಂದರ ಬಾಲಕ್ಕೆ ಇನ್ನೊಂದು. ಓದಿ ನೋಡಿದರೆ ಆ ಜಗಲಿ, ಆ ಲೋಟ, ಆ ಹುಡುಗಿ, ಯಾರೂ ಅದರೊಳಗೆ ಇರಲಿಲ್ಲ. ಕ್ಷಮೆ ಕೇಳುವ ವಾಸನೆ ಮಾತ್ರ ಇತ್ತು. ಹರಿದು ಹಾಕಿದೆ. ಕನ್ನಡದಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದುಕೊಂಡು, ಆಮೇಲೆ ಅದನ್ನೇ ಇಂಗ್ಲಿಷಿಗೆ ಇಳಿಸಿದೆ. ಕ್ಷಮೆ ಕೇಳಲಿಲ್ಲ.

ಅಷ್ಟರ ನಡುವೆ ಆ ಮನೆಗೆ ಹೋಗುವುದನ್ನು ನಿಲ್ಲಿಸಿರಲಿಲ್ಲ. ಮುಂದಿನ ಸಲ ಹೋದಾಗ ಗೂಡಿನ ಮೇಲೆ ಕೋಳಿ ಮಾತ್ರ ಇತ್ತು. ಅದರ ಮುಂದಿನ ಸಲ ಸೊಸೆ ಜಗಲಿಯ ತುದಿಯಿಂದ ಹೊಸ್ತಿಲ ಹತ್ತಿರಕ್ಕೆ ಬಂದು ಕೂತಿದ್ದಳು, ಮೊರದಲ್ಲಿ ಅಕ್ಕಿ ಇತ್ತು. ಅತ್ತೆ ಒಮ್ಮೆಯೂ "ನೀವು ಹೇಳಿದ್ದು ಸರಿ" ಅನ್ನಲಿಲ್ಲ. ಅನ್ನುವವರೂ ಅಲ್ಲ. ನಾನು ಬಂದದ್ದು ಕಂಡ ಕೂಡಲೇ ಒಳಗೆ ತಿರುಗಿ, "ಮೇಡಂ ಬಂದ್ರು ನೋಡೇ, ಆಸರಿಗೆ ತಾ," ಅಂತ ಸೊಸೆಗೆ ಕೂಗುತ್ತಿದ್ದರು, ಅಷ್ಟೇ. ತವರಿಗೆ ಕಳಿಸುವ ಮಾತು ಮಾತ್ರ ಇನ್ನೂ ಅವರ ಬಾಯಲ್ಲಿ ಆಗಾಗ ಇಣುಕುತ್ತಿತ್ತು. ಒಮ್ಮೆ ಹಬ್ಬದ ಮುಂದೆ ನನಗಾಗಿ ಕೋಳಿ ಕೊಯ್ಯುತ್ತೇವೆ, ಊಟಕ್ಕೆ ನಿಲ್ಲಿ ಅಂದರು. ನಾನು ನಿಲ್ಲಲಿಲ್ಲ. ನೀರು ಕುಡಿದು ಎದ್ದು ಬಂದೆ.

ಮೌಖಿಕ ಪರೀಕ್ಷೆಯ ದಿನ ಮೇಜಿನ ಆ ಕಡೆ ಹೊರಗಿನಿಂದ ಬಂದ ಪರೀಕ್ಷಕರು, ವಯಸ್ಸಾದವರು. ಪಕ್ಕದಲ್ಲಿ ನನ್ನ ಮೇಲ್ವಿಚಾರಕಿ. ಪ್ರಬಂಧದ ಬಗ್ಗೆ ಕೇಳಿದರು, ಕಾಯಿದೆಯ ಬಗ್ಗೆ ಕೇಳಿದರು. ಎಲ್ಲದಕ್ಕೂ ಹೇಳಿದೆ. ಆಮೇಲೆ ಅವರು ಕನ್ನಡಕ ತೆಗೆದಿಟ್ಟು, ಕನ್ನಡದಲ್ಲೇ ಕೇಳಿದರು.

"ಆ ನೀರು ಕುಡಿಯಬಹುದು ಅಂತ ನಿನಗೆ ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ ಸರ್. ಕುಡಿಯಬಾರದು ಅಂತ ಹೇಳಿಕೊಟ್ಟಿದ್ದರು. ಮೊದಲ ಸಲ ನಾನು ಹಾಗೇ ಮಾಡಿದೆ. ಈ ಮನೆಯಲ್ಲಿ ಅಂಟುವ ಕಾಯಿಲೆ ಇದೆ ಅಂತ ಅವರು ಅಂದುಕೊಂಡರು. ನಾನು ಬಾಯಿಬಿಡದೆ ಕೊಟ್ಟುಬಂದ ಚೀಟಿ ಅದು. ಅದನ್ನು ಮಾತಿನಿಂದ ವಾಪಸ್ಸು ಪಡೆಯೋಕೆ ನೋಡಿದೆ, ಆಗಲಿಲ್ಲ. ಕೊಟ್ಟದ್ದು ಹೇಗೋ, ವಾಪಸ್ಸು ಪಡೆಯಬೇಕಾದದ್ದೂ ಹಾಗೇ ಅಂತ ತೋರಿತು."

"ರೋಗಿಯ ಕೈಯಲ್ಲೇ ಯಾಕೆ ತರಿಸಿದೆ?"

"ಬಂದವರಿಗೆ ನೀರು ಕೊಡೋದು ಆ ಮನೆಯಲ್ಲಿ ಸೊಸೆ ಕೆಲಸ ಸರ್. ಅತ್ತೆ ತಂದಿದ್ದರೆ ನಾನು ಕುಡಿದ ಹಾಗಾಗುತ್ತಿತ್ತು, ಅವಳು ಹೊರಗೇ ಇರುತ್ತಿದ್ದಳು."

"ಹಾಗಾದರೆ ನಾಳೆ ಊಟಕ್ಕೆ ಕರೆದರೆ ಊಟವನ್ನೂ ಮಾಡ್ತೀಯಾ? ಎಲ್ಲಿಗೆ ನಿಲ್ಲಿಸ್ತೀಯಾ?"

ಇದಕ್ಕೆ ನಾನು ತಯಾರಿ ಮಾಡಿರಲಿಲ್ಲ. ಆದರೆ ಉತ್ತರ ಗೊತ್ತಿತ್ತು. "ಕರೆದರು ಸರ್. ಕೋಳಿ ಕೊಯ್ತೀವಿ ಅಂದರು. ನಿಲ್ಲಲಿಲ್ಲ. ಅವರ ಕೋಳಿ ತಿಂದರೆ ನಾನು ನೆಂಟಳು. ನಮ್ಮ ಕಡೆ ನೀರು ಕುಡಿದವಳು ನೆಂಟಳಾಗಲ್ಲ, ಮನೆಗೆ ಬಂದವಳು ಆಗ್ತಾಳೆ ಅಷ್ಟೇ. ಕುಡಿಯದವಳು ಬಂದ ಹಾಗೇ ಲೆಕ್ಕವಿಲ್ಲ. ಮೇಡಂ ಹೇಳಿಕೊಟ್ಟ ಗೆರೆ ನನಗೆ ಬೇಕು ಸರ್. ಆ ಗೆರೆ ಸೊರಬದಲ್ಲಿ ಎಲ್ಲಿ ಬೀಳುತ್ತೆ ಅಂತ ಸೊರಬದಲ್ಲಿ ನಿಂತೇ ನೋಡಬೇಕು."

ಪರೀಕ್ಷಕರು ಮೇಲ್ವಿಚಾರಕಿಯ ಕಡೆ ತಿರುಗಿದರು. "ನೀವು ಏನಂತೀರಿ?"

ಅವರು ಕರಗಿ ನನ್ನ ಬೆನ್ನು ತಟ್ಟುತ್ತಾರೆ ಅಂತ ನಾನೇನೂ ಕಾದಿರಲಿಲ್ಲ. ಅವರು ಅವರೇ. "ನಾನು ಬರೆದದ್ದನ್ನು ತೆಗೆಯುವುದಿಲ್ಲ," ಅಂದರು. "ಕೇಳದೆ ನಿಯಮ ಮುರಿದಿದ್ದಾಳೆ. ಅದು ಇರಲಿ. ಅದರ ಕೆಳಗೆ ಅವಳ ಈ ಉತ್ತರವನ್ನೂ ಸೇರಿಸುತ್ತೇನೆ. ಎರಡನ್ನೂ ಮುಂದಿನ ವರ್ಷದವರಿಗೆ ಓದಿಸುತ್ತೇನೆ." ಆಮೇಲೆ ನನ್ನ ಕಡೆ ನೋಡದೆಯೇ, "ಕೆಲಸ ತೃಪ್ತಿಕರ," ಅಂದರು.

ಆ ಎರಡು ಪದ ಕೇಳಿ ನಾನು ಹೊರಗೆ ಬಂದು ಕಾರಿಡಾರಿನ ಕಂಬಕ್ಕೆ ಒರಗಿಕೊಂಡು ಅತ್ತುಬಿಟ್ಟೆ. ದುಃಖಕ್ಕಲ್ಲ, ಸೊಕ್ಕಿಗೆ. ಹೌದು, ಸೊಕ್ಕೇ. ಅವತ್ತು ನನ್ನ ಸಮ ಯಾರೂ ಇಲ್ಲ ಅನ್ನಿಸಿತು, ಅನ್ನಿಸಿದ್ದನ್ನು ಇಲ್ಲ ಅನ್ನುವುದು ಯಾಕೆ?

ನೋಂದಣಿ ಆಯಿತು, ಸೊರಬದ ಹುದ್ದೆಯೂ ಸಿಕ್ಕಿತು. ಪ್ರಮಾಣಪತ್ರ ಬಂದ ದಿನ ಅಪ್ಪ ಅದನ್ನು ಅಂಗಡಿಯಲ್ಲಿ ಫ್ರೇಮು ಹಾಕಿಸಿ ತೂಗುಹಾಕುತ್ತೇನೆ ಅಂದರು. ಹತ್ತಿಯ ಧೂಳು ಕೂತು ಒಂದೇ ವಾರಕ್ಕೆ ಬಿಳಿಯಾಗುತ್ತದೆ ಅಂತ ಅಮ್ಮ ತಡೆದರು. ಅದರ ಬದಲು ಅಪ್ಪ ನನ್ನ ಹುದ್ದೆಯ ಪೂರ್ತಿ ಹೆಸರನ್ನು ಬಾಯಿಪಾಠ ಮಾಡಿದರು. ಗಾದಿಯ ಅಂಚು ಹೊಲಿಯುತ್ತಾ, ತಮ್ಮಷ್ಟಕ್ಕೇ ಹೇಳಿಕೊಂಡು, ನಡುವೆ ತಡವರಿಸಿದರೆ ಮತ್ತೆ ಮೊದಲಿಂದ.

ಹುದ್ದೆಗೆ ಸೇರಿದ ಮೇಲಿನ ಬೇಸಿಗೆ, ಮದುವೆಯ ದಿನಗಳು. ಅವತ್ತು ಭಾನುವಾರ, ನಾನು ಅಂಗಡಿಯಲ್ಲೇ ಇದ್ದೆ. ಸೊರಬ ಕಡೆಯಿಂದ ಬಂದ ಇಬ್ಬರು ಹೆಂಗಸರು ಮೆಟ್ಟಿಲು ಹತ್ತಿದರು. ಆ ಅತ್ತೆ, ಹಿಂದೆ ಆ ಸೊಸೆ. ಮನೆಯ ಹುಡುಗಿಗೆ ಮದುವೆ ಗೊತ್ತಾಗಿತ್ತು, ಜೊತೆಗೆ ಕಳಿಸಲು ಗಾದಿ, ದಿಂಬು ಹೊಲಿಸಬೇಕಿತ್ತು.

ರೋಗಿಯನ್ನು ಹೊರಗೆ ಕಂಡರೆ ನಾವಾಗಿ ಗುರುತು ತೋರಿಸಬಾರದು. ಅವರಾಗಿ ಮಾತಾಡಿಸಿದರೆ ಮಾತ್ರ. ಈ ನಿಯಮವನ್ನು ನಾನು ಎಲ್ಲೂ ತಿದ್ದಿಲ್ಲ. ತಲೆ ಬಗ್ಗಿಸಿ ದಿಂಬಿನ ಬಾಯಿ ಹೊಲಿಯತೊಡಗಿದೆ. ಅತ್ತೆ ನನ್ನನ್ನು ನೋಡಿ, ಬೇರೆ ಕಡೆ ನೋಡಿದರು. ಊರಿಗೆಲ್ಲ ಗೊತ್ತಾಗುವುದು ಅವರಿಗೂ ಬೇಡ, ಅದೂ ಮದುವೆಯ ಮುಂದೆ. ಬಟ್ಟೆ ಆರಿಸಿದ್ದು ಸೊಸೆ. "ಈ ಹೂವಿಂದು ಬ್ಯಾಡ ಅತ್ತೆ, ಬೇಗ ಮಾಸ್ತದೆ. ಆ ಗೆರೆಯಿಂದು ತಗಳಣ," ಅಂತ ಒಂದೊಂದನ್ನೇ ಎಳೆದು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅವಳ ಕೈ ನಡುಗುತ್ತಿರಲಿಲ್ಲ. ಅತ್ತೆ, "ನೀ ಹೇಳಿದ್ದೇ ಆಗ್ಲಿ," ಅಂದರು.

ಗಿರಾಕಿ ಸೊರಬದವರು ಅಂತ ತಿಳಿದ ಮೇಲೆ ಅಪ್ಪ ಸುಮ್ಮನಿರುತ್ತಾರೆಯೇ? "ನಮ್ಮ ಹುಡುಗಿನೂ ನಿಮ್ಮ ಸೊರಬದ ದವಾಖಾನೆಯಾಗೇ ಅದಾಳ್ರೀ," ಅಂತ ಶುರು ಮಾಡಿದರು. ಎದೆಯುಬ್ಬಿಸಿ, ಒಂದೂ ಅಕ್ಷರ ತಪ್ಪದೆ ಹೇಳಿದರು, "ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ. ನೋಂದಣಿ ಆಗೇತಿ."

ಅತ್ತೆ ಸೆರಗು ಸರಿಮಾಡಿಕೊಂಡರು. ಸೊಸೆ ಬಟ್ಟೆಯಿಂದ ತಲೆಯೆತ್ತಿದಳು.

"ಅಂದ್ರೆ..." ಅಂತ ಅಪ್ಪ ವಿವರಿಸಲು ಹೊರಟರು. ಅಲ್ಲಿಗೆ ಅವರ ಪಾಠ ಮುಗಿದಿತ್ತು. ನನ್ನ ಕಡೆ ನೋಡಿದರು. ನಾನು ಸೂಜಿಯಿಂದ ಕಣ್ಣು ಕೀಳಲಿಲ್ಲ.

"ಅಂದ್ರೆ ಎಂತ ಅಂತ ನಂಗೊತ್ತು ಸಾಬ್ರೆ," ಅಂದಳು ಸೊಸೆ. ನಗುತ್ತಲೇ ಅಂದಳು. "ನಮ್ಮನೇಲಿ ನಾ ಕೊಟ್ಟ ನೀರು ಕಚ್ಚಿ ಕುಡಿದೋರು ಅವರು."

ಅಪ್ಪನಿಗೆ ಏನೂ ಅರ್ಥವಾಗಲಿಲ್ಲ. ನೀರು ಅನ್ನುವುದೊಂದು ಕೇಳಿಸಿತ್ತು. ಪಾಪ, ಹೆಣ್ಣುಮಗಳಿಗೆ ಬಾಯಾರಿದೆ ಅಂದುಕೊಂಡು, "ಏ, ನೀರು ತಂದುಕೊಡವ್ವ," ಅಂತ ನನಗೆ ಹೇಳಿದರು.

ನಾನು ಎದ್ದು ಒಳಗೆ ಹೋಗಿ, ಮನೆಯ ಲೋಟದಲ್ಲಿ ನೀರು ತಂದು ಕೊಟ್ಟೆ. ಈ ಸಲ ಸ್ವಲ್ಪ ಚೆಲ್ಲಿದವಳು ನಾನು. ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅತ್ತೆಯ ಮುಂದೆಯೇ, ಕಚ್ಚಿ ಕುಡಿದಳು.